ಅಂತರಜಾಲದ ವಿಳಾಸ: ಚಿಕ್ಕವರಿಗೂ ಸ್ವಂತದ್ದು ಸಿಗುತ್ತದೆಯೇ?

ಮೊಬೈಲ್ ಕಂಪನಿ ಬದಲಿಸಿದರೂ ನಂಬರ್ ಬದಲಿಸಬೇಕಿಲ್ಲ ಎನ್ನುವುದು ಇಂದು ನಮಗೆಲ್ಲ ಸಹಜ ಸಂಗತಿ. ಆದರೆ ನಂಬರ್ ಪೋರ್ಟಬಿಲಿಟಿ ಸೌಲಭ್ಯ ನಮ್ಮ ದೇಶದ ಎಲ್ಲೆಡೆ ದೊರಕಿದ್ದು 2011ರ ಜನವರಿಯಲ್ಲಿ. ಅದಕ್ಕೂ ಮುನ್ನ ಕಂಪನಿ ಬಿಟ್ಟರೆ ನಂಬರನ್ನೂ ಬಿಡಬೇಕಿತ್ತು. ಪರಿಚಯದವರಿಗೆಲ್ಲ ಹೊಸ ನಂಬರ್ ತಿಳಿಸುವ ತಾಪತ್ರಯ ಬೇಡವೆಂದು, ಸೇವೆ ಚೆನ್ನಾಗಿಲ್ಲದಿದ್ದರೂ ಹಳೆಯ ಕಂಪನಿಯಲ್ಲೇ ಉಳಿಯಬೇಕಾಗುತ್ತಿತ್ತು.

ಅಂತರಜಾಲದ ವಿಳಾಸಗಳ ವಿಷಯದಲ್ಲಿ ಬಹುತೇಕ ಜನರ ಪರಿಸ್ಥಿತಿ ಇಂದಿಗೂ ಹೀಗೆಯೇ ಇದೆ. ದೊಡ್ಡ ಸಂಸ್ಥೆಗಳ ಬಳಿ ಸ್ವಂತ ವಿಳಾಸಗಳಿವೆ. ಚಿಕ್ಕ ಸಂಸ್ಥೆಗಳು ಹಾಗೂ ನಮ್ಮಂತಹ ಸಾಮಾನ್ಯರು ಬಳಸುವುದು ಬಾಡಿಗೆ ವಿಳಾಸ. ಹೀಗೇಕೆ? ಇದನ್ನು ಬದಲಿಸುವ ದಾರಿಗಳು ಇವೆಯೇ?

ವಿಳಾಸ ಯಾರದು?

ಅಂತರಜಾಲಕ್ಕೆ ನೇರವಾಗಿ ಸೇರಿದ ಪ್ರತಿ ಸಾಧನಕ್ಕೂ ಒಂದು ಸಂಖ್ಯೆ ಬೇಕು. ಅದೇ ಐಪಿ ವಿಳಾಸ. ಹಳೆಯ ಪದ್ಧತಿಯಾದ ಐಪಿವಿ4ರಲ್ಲಿ ಇದು 32 ಬಿಟ್‌ಗಳ ಸಂಖ್ಯೆ. ಹಾಗಾಗಿ ಅಲ್ಲಿರುವ ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ.

ಈ ಸಂಖ್ಯೆಗಳನ್ನು ಹಂಚುವ ಕೆಲಸ ಮೇಲಿನಿಂದ ಕೆಳಕ್ಕೆ ನಡೆಯುತ್ತದೆ. ಜಾಗತಿಕ ಮಟ್ಟದಲ್ಲಿ ಐಯಾನಾ, ಅದರ ಕೆಳಗೆ ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳು. ಏಷ್ಯಾ-ಪೆಸಿಫಿಕ್ ಪ್ರದೇಶದ ಹೊಣೆ ಎಪಿನಿಕ್‌ನದು. ಅದರ ಅಡಿಯಲ್ಲಿ ಭಾರತದ ಕೆಲಸ ನೋಡಿಕೊಳ್ಳುವುದು ನಿಕ್ಸಿ ಸಂಸ್ಥೆಯ ಭಾಗವಾದ ಐಆರ್‌ಐಎನ್‌ಎನ್. ಅಂತರಜಾಲ ಸೇವೆ ಕೊಡುವ ಕಂಪನಿಗಳು ಇಲ್ಲಿಂದ ವಿಳಾಸಗಳನ್ನು ಪಡೆದು ತಮ್ಮ ಗ್ರಾಹಕರಿಗೆ ಬಳಸಲು ಕೊಡುತ್ತವೆ. ಬಳಸಲು ಮಾತ್ರ! ಸಂಪರ್ಕ ಬಿಟ್ಟರೆ ವಿಳಾಸವೂ ಹೋಯಿತು.

ಮನೆಯಲ್ಲಿ ಸಿನಿಮಾ ನೋಡುವವರಿಗೆ ಇದರಿಂದ ತೊಂದರೆಯೇನೂ ಇಲ್ಲ. ಆದರೆ ತನ್ನದೇ ಇಮೇಲ್ ಸರ್ವರ್ ನಡೆಸುವ ಕಾಲೇಜು, ಎರಡು ಕಂಪನಿಗಳಿಂದ ಸಂಪರ್ಕ ಪಡೆದು ಒಂದು ಕೆಟ್ಟರೂ ಇನ್ನೊಂದರಲ್ಲಿ ಕೆಲಸ ಮುಂದುವರಿಸಬೇಕಾದ ಆಸ್ಪತ್ರೆ, ಹಳ್ಳಿಗಳಿಗೆ ಸಂಪರ್ಕ ಒದಗಿಸುವ ಪುಟ್ಟ ಸಂಸ್ಥೆ - ಇಂಥವರಿಗೆ ಸೇವಾದಾತ ಯಾರೇ ಆದರೂ ಬದಲಾಗದ ವಿಳಾಸ ಬೇಕು. ಅದಿಲ್ಲದಿದ್ದರೆ ಕಂಪನಿ ಬದಲಿಸಿದಾಗಲೆಲ್ಲ ಇಡೀ ವ್ಯವಸ್ಥೆಯನ್ನು ಹೊಸದಾಗಿ ಹೊಂದಿಸಬೇಕು.

ಮೊದಲು ಬಂದವರಿಗೆ ದೊಡ್ಡ ಪಾಲು

ಅಂತರಜಾಲದ ಆರಂಭದ ದಿನಗಳಲ್ಲಿ ವಿಳಾಸ ಬೇಕೆಂದರೆ ಕೇಳಿದರೆ ಸಾಕಿತ್ತು. ಎಂಐಟಿ, ಐಬಿಎಂ, ಆಪಲ್, ಫೋರ್ಡ್ ಮುಂತಾದ ಸಂಸ್ಥೆಗಳಿಗೆ ಒಂದೊಂದಕ್ಕೂ ಸುಮಾರು 1.67 ಕೋಟಿ ವಿಳಾಸಗಳ ಬ್ಲಾಕ್ ಸಿಕ್ಕಿತ್ತು. ಅಷ್ಟನ್ನೂ ಬಳಸುವ ಅಗತ್ಯ ಅನೇಕರಿಗೆ ಬರಲೇ ಇಲ್ಲ. 2017ರಲ್ಲಿ ಎಂಐಟಿ ತನ್ನ ಪಾಲಿನ ಸುಮಾರು 80 ಲಕ್ಷ ವಿಳಾಸಗಳನ್ನು ಮಾರಾಟಕ್ಕಿಟ್ಟಿತು.

ಅಷ್ಟರಲ್ಲಿ ಹೊಸಬರಿಗೆ ಕೊಡಲು ಹೆಚ್ಚೇನೂ ಉಳಿದಿರಲಿಲ್ಲ. ಐಯಾನಾದ ದಾಸ್ತಾನು 2011ರ ಫೆಬ್ರುವರಿಯಲ್ಲೇ ಮುಗಿದಿತ್ತು. ಈಗ ಐಪಿವಿ4 ವಿಳಾಸಗಳಿಗೆ ಮಾರುಕಟ್ಟೆ ಇದೆ. ಒಂದೊಂದರ ಬೆಲೆ ಹತ್ತಾರು ಡಾಲರ್. ಅಂತರಜಾಲದಲ್ಲಿ ಸ್ವತಂತ್ರವಾಗಿ ಗುರುತಿಸಿಕೊಳ್ಳಲು ಕನಿಷ್ಠ 256 ವಿಳಾಸಗಳ ಗುಂಪು ಬೇಕಾಗುವುದರಿಂದ ಲೆಕ್ಕ ಸಾವಿರಾರು ಡಾಲರ್ ಮುಟ್ಟುತ್ತದೆ. ಬಾಡಿಗೆಯೂ ಪುಕ್ಕಟೆಯಲ್ಲ: ಅಮೆಜಾನ್ ತನ್ನ ಕ್ಲೌಡ್ ಸೇವೆಯಲ್ಲಿ ಬಳಸುವ ಪ್ರತಿ ಐಪಿವಿ4 ವಿಳಾಸಕ್ಕೂ 2024ರ ಫೆಬ್ರುವರಿಯಿಂದ ಗಂಟೆಗೆ ಅರ್ಧ ಸೆಂಟ್, ಅಂದರೆ ವರ್ಷಕ್ಕೆ ಸುಮಾರು 44 ಡಾಲರ್, ವಸೂಲಿ ಮಾಡುತ್ತಿದೆ.

ಕೊನೆಯ ಪಂಕ್ತಿಗೂ ಪಾಯಸ

ಮದುವೆ ಮನೆಯಲ್ಲಿ ಪಾಯಸ ತಳ ಕಂಡಾಗ ಜಾಣ ಬಡಿಸುವವರು ಏನು ಮಾಡುತ್ತಾರೆ? ಸೌಟಿನ ಬದಲು ಚಮಚ ಹಿಡಿಯುತ್ತಾರೆ. ಕೊನೆಯ ಪಂಕ್ತಿಯವರಿಗೂ ರುಚಿ ಸಿಗಬೇಕಲ್ಲ!

ಎಪಿನಿಕ್ ಮಾಡಿದ್ದೂ ಅದನ್ನೇ. 2011ರ ಏಪ್ರಿಲ್‌ನಲ್ಲಿ ಅದರ ಬಳಿ ಕೊನೆಯ ಬ್ಲಾಕ್ ಉಳಿದಾಗ, ದೊಡ್ಡವರಿರಲಿ ಚಿಕ್ಕವರಿರಲಿ, ಅದರಿಂದ ಸದಸ್ಯರೊಬ್ಬರಿಗೆ ಹೆಚ್ಚೆಂದರೆ 1,024 ವಿಳಾಸ ಎಂಬ ನಿಯಮ ಬಂತು. 2019ರಲ್ಲಿ ಆ ಮಿತಿಯನ್ನು 512ಕ್ಕೆ ಇಳಿಸಲಾಯಿತು. ಯುರೋಪಿನ ನೋಂದಣಿ ಸಂಸ್ಥೆಯಾದ ರೈಪ್ ಎನ್‌ಸಿಸಿಯ ದಾಸ್ತಾನು 2019ರ ನವೆಂಬರ್‌ನಲ್ಲಿ ಮುಗಿಯಿತು. ಯಾರಾದರೂ ಹಿಂದಿರುಗಿಸಿದ ವಿಳಾಸಗಳನ್ನು ಅದು ಕಾಯುವ ಪಟ್ಟಿಯಲ್ಲಿರುವವರಿಗೆ 256ರ ಗುಂಪುಗಳಲ್ಲಿ ಹಂಚುತ್ತದೆ. ಈ ನಿಯಮಗಳು ಇಲ್ಲದೆ ಹೋಗಿದ್ದರೆ ಕೊನೆಯ ಬ್ಲಾಕ್ ಕೂಡ ಒಂದೆರಡು ದೈತ್ಯ ಸಂಸ್ಥೆಗಳ ಪಾಲಾಗಿಬಿಡುತ್ತಿತ್ತು.

ಹವ್ಯಾಸಿಗಳ 44

ವ್ಯಕ್ತಿಗಳಿಗೆಂದೇ ಮೀಸಲಾದ ಒಂದು ಬ್ಲಾಕ್ ಕೂಡ ಇದೆ. 1981ರಲ್ಲಿ, ರೇಡಿಯೋ ಮೂಲಕ ಕಂಪ್ಯೂಟರ್‌ಗಳನ್ನು ಜೋಡಿಸುವ ಪ್ರಯೋಗದಲ್ಲಿ ತೊಡಗಿದ್ದ ಅಮೆರಿಕದ ಹವ್ಯಾಸಿ ರೇಡಿಯೋ ಬಳಕೆದಾರ ಹ್ಯಾಂಕ್ ಮ್ಯಾಗ್ನುಸ್ಕಿ ತಮ್ಮ ಸಮುದಾಯಕ್ಕಾಗಿ ವಿಳಾಸಗಳನ್ನು ಕೇಳಿದರು. ಸಿಕ್ಕಿದ್ದು 44ರಿಂದ ಶುರುವಾಗುವ ಅಷ್ಟೂ ವಿಳಾಸಗಳು!

ಇದರ ನಿರ್ವಹಣೆ ಈಗ ಎಆರ್‌ಡಿಸಿ ಎಂಬ ಲಾಭರಹಿತ ಸಂಸ್ಥೆಯದು. ಹವ್ಯಾಸಿ ರೇಡಿಯೋ ಪರವಾನಗಿ ಇರುವವರು ಯಾವ ದೇಶದಲ್ಲಿದ್ದರೂ ಇಲ್ಲಿ ಉಚಿತವಾಗಿ ವಿಳಾಸ ಕೇಳಬಹುದು. ಮುಖ್ಯ ಷರತ್ತು: ಬಳಕೆ ವ್ಯಾಪಾರಕ್ಕಾಗಿ ಇರಬಾರದು. ನಮ್ಮ ರಾಜ್ಯದ ಹ್ಯಾಮ್‌ಗಳಿಗೂ ಈ ಬಾಗಿಲು ತೆರೆದಿದೆ.

2019ರಲ್ಲಿ ಈ ಸಂಸ್ಥೆ ಬ್ಲಾಕ್‌ನ ಕಾಲು ಭಾಗವನ್ನು, ಅಂದರೆ ಸುಮಾರು 42 ಲಕ್ಷ ವಿಳಾಸಗಳನ್ನು, ಅಮೆಜಾನ್‌ಗೆ ಮಾರಿತು. ಬಂದ ಹಣದ ನಿಧಿಯಿಂದ ಇಂದು ರೇಡಿಯೋ ಹಾಗೂ ಡಿಜಿಟಲ್ ಸಂವಹನದ ಯೋಜನೆಗಳಿಗೆ ಅನುದಾನ ದೊರಕುತ್ತಿದೆ. ಆದರೆ ಎಲ್ಲರಿಗೂ ಸೇರಿದ್ದನ್ನು ಎಲ್ಲರನ್ನೂ ಕೇಳದೆ ಮಾರಿದ್ದು ಸರಿಯೇ ಎಂದು ಅನೇಕ ಹವ್ಯಾಸಿಗಳು ಪ್ರಶ್ನಿಸಿದರು. ಊರಿನ ಗೋಮಾಳ ಮಾರಿ ಬಂದ ದುಡ್ಡಿನಲ್ಲಿ ಶಾಲೆ ಕಟ್ಟಿದರೆ ಏಳಬಹುದಾದ ಪ್ರಶ್ನೆಯೂ ಇದೇ ಅಲ್ಲವೇ?

ಎಲ್ಲರಿಗೂ ಏಕೆ ಕೊಡುವುದಿಲ್ಲ?

ಇದಕ್ಕೆ ವಿಳಾಸಗಳ ಕೊರತೆಯಷ್ಟೇ ಕಾರಣವಲ್ಲ. ಸ್ವತಂತ್ರ ವಿಳಾಸ ಇರುವ ಪ್ರತಿ ಜಾಲವೂ "ನನ್ನನ್ನು ತಲುಪುವ ದಾರಿ ಇದು" ಎಂದು ಜಗತ್ತಿಗೆಲ್ಲ ಸಾರಬೇಕು. ಅಂತರಜಾಲದ ದೊಡ್ಡ ರೂಟರ್‌ಗಳು ಆ ಎಲ್ಲ ದಾರಿಗಳನ್ನೂ ನೆನಪಿಟ್ಟುಕೊಳ್ಳಬೇಕು. 2014ರ ಆಗಸ್ಟ್‌ನಲ್ಲಿ ಈ ಪಟ್ಟಿಯ ಗಾತ್ರ 5.12 ಲಕ್ಷ ದಾಟಿದಾಗ ಹಲವು ಹಳೆಯ ರೂಟರ್‌ಗಳ ನೆನಪಿನ ಶಕ್ತಿ ಸಾಲದೆ ಅಲ್ಲಲ್ಲಿ ಸಂಪರ್ಕ ಕಡಿತಗೊಂಡಿತ್ತು. ಸೇವಾದಾತರ ವಿಳಾಸ ಬಳಸಿದರೆ ಸಾವಿರಾರು ಮನೆಗಳಿಗೆ ಒಂದೇ ನಮೂದು ಸಾಕು. ಮನೆಮನೆಗೂ ಸ್ವತಂತ್ರ ವಿಳಾಸ ಕೊಟ್ಟರೆ ಅದರ ಹೊರೆ ಇಡೀ ಅಂತರಜಾಲದ ಮೇಲೆ. ನಿಜವಾದ ಅಗತ್ಯವನ್ನು ತೋರಿಸಿ ಎಂದು ನೋಂದಣಿ ಸಂಸ್ಥೆಗಳು ಕೇಳುವುದು ಇದಕ್ಕೇ.

ಐಪಿವಿ6 ಬಂದರೆ ಎಲ್ಲ ಸರಿಹೋಗುತ್ತದೆಯೇ?

ಹೊಸ ಪದ್ಧತಿಯಾದ ಐಪಿವಿ6ರ ವಿಳಾಸಗಳ ಉದ್ದ 128 ಬಿಟ್. ಇಲ್ಲಿ ಕೊರತೆಯ ಮಾತೇ ಇಲ್ಲ. ಒಂದು ಚಿಕ್ಕ ಸಂಸ್ಥೆಗೆ ಸಾಮಾನ್ಯವಾಗಿ ಸಿಗುವ ಬ್ಲಾಕ್‌ನಲ್ಲೇ 65,536 ಉಪಜಾಲಗಳನ್ನು ಮಾಡಿಕೊಳ್ಳಬಹುದು. ಯುರೋಪಿನಲ್ಲಂತೂ ಸಂಸ್ಥೆಗಳಷ್ಟೇ ಅಲ್ಲ, ವ್ಯಕ್ತಿಗಳು ಕೂಡ ಸದಸ್ಯ ಸಂಸ್ಥೆಯೊಂದರ ಪ್ರಾಯೋಜಕತ್ವದಲ್ಲಿ ಸ್ವತಂತ್ರ ಐಪಿವಿ6 ವಿಳಾಸ ಪಡೆಯಬಹುದು. ಸದಸ್ಯತ್ವದ ದೊಡ್ಡ ಶುಲ್ಕವನ್ನು ಅವರು ಕಟ್ಟಬೇಕಿಲ್ಲ.

ಐಪಿವಿ6 ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿದೆ. ಆದರೆ ಒಂದು ತೊಡಕು ಇನ್ನೂ ಉಳಿದಿದೆ. ಐಪಿವಿ4 ಮಾತ್ರ ಬಲ್ಲ ಜಾಲಗಳು ಇರುವವರೆಗೂ, ಐಪಿವಿ6 ಮಾತ್ರ ಇರುವ ಸರ್ವರ್ ಅವುಗಳಿಗೆ ಕಾಣಿಸುವುದಿಲ್ಲ. ಹಾಗಾಗಿ ಚಿಕ್ಕವರು ಸ್ವಲ್ಪವಾದರೂ ಐಪಿವಿ4 ವಿಳಾಸಗಳನ್ನು ಹುಡುಕಿಕೊಳ್ಳಲೇಬೇಕು.

ಕೆಲವು ತಪ್ಪು ಕಲ್ಪನೆಗಳು

"ವೆಬ್‌ಸೈಟ್ ಹೆಸರು ಕೊಂಡರೆ ವಿಳಾಸ ನಮ್ಮದಾಗುತ್ತದೆ." ಇಲ್ಲ. ಹೆಸರು ಬೇರೆ, ಐಪಿ ವಿಳಾಸ ಬೇರೆ. ಹೆಸರಿನ ಹಿಂದಿರುವ ಸಂಖ್ಯೆ ಬದಲಾಗುತ್ತಲೇ ಇರಬಹುದು. ಅನೇಕ ಚಿಕ್ಕ ಸಂಸ್ಥೆಗಳಿಗೆ ಹೆಸರೊಂದು ಸ್ವಂತದ್ದಾಗಿದ್ದರೆ ಸಾಕು ಎನ್ನುವುದೂ ನಿಜ.

"ನಮ್ಮ ಮನೆಯ ವಿಳಾಸ ನಮ್ಮೊಬ್ಬರದೇ." ಐಪಿವಿ4ರಲ್ಲಿ ಹಲವು ಬಾರಿ ಅದೂ ಅಲ್ಲ. ವಿಳಾಸಗಳ ಕೊರತೆಯಿಂದಾಗಿ ಸೇವಾದಾತರು ಒಂದೇ ವಿಳಾಸವನ್ನು ಹತ್ತಾರು ಮನೆಗಳಿಗೆ ಹಂಚುತ್ತಾರೆ. ಅಂತಹ ಸಂಪರ್ಕದಲ್ಲಿ ಮನೆಯ ಕ್ಯಾಮೆರಾವನ್ನೋ ಪುಟ್ಟ ಸರ್ವರನ್ನೋ ಹೊರಗಿನಿಂದ ನೇರವಾಗಿ ತಲುಪಲು ಆಗುವುದಿಲ್ಲ. ನೆರೆಯವರಲ್ಲಿ ಒಬ್ಬರು ತಂಟೆ ಮಾಡಿ ಆ ವಿಳಾಸ ನಿಷೇಧವಾದರೆ ಪೆಟ್ಟು ಎಲ್ಲರಿಗೂ.

"ಕೊಂಡ ವಿಳಾಸ ಶಾಶ್ವತ ಆಸ್ತಿ." ಅದೂ ಪೂರ್ತಿ ನಿಜವಲ್ಲ. ನೋಂದಣಿ ಸಂಸ್ಥೆಗಳು ಕೊಡುವುದು ಬಳಸುವ ಹಕ್ಕು. ಶುಲ್ಕ ಕಟ್ಟದಿದ್ದರೆ ಅದು ಕೈತಪ್ಪಬಹುದು.

ನಾವೇನು ಮಾಡಬಹುದು?

ಸಂಸ್ಥೆ ನಡೆಸುವವರು ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ ಪ್ರಶ್ನೆ: ನಾಳೆ ಸೇವಾದಾತರನ್ನು ಬದಲಿಸಿದರೆ ನಮ್ಮಲ್ಲಿ ಏನೇನು ನಿಂತುಹೋಗುತ್ತದೆ? "ಏನೂ ಇಲ್ಲ" ಎಂದಾದರೆ ಬಾಡಿಗೆ ವಿಳಾಸವೇ ಸಾಕು. "ಬಹಳಷ್ಟು" ಎಂದಾದರೆ ಐಆರ್‌ಐಎನ್‌ಎನ್ ಮೂಲಕ ಸ್ವಂತ ಐಪಿವಿ6 ಬ್ಲಾಕ್, ಜೊತೆಗೆ ಸಣ್ಣ ಐಪಿವಿ4 ಬ್ಲಾಕ್ ಪಡೆಯುವ ಬಗ್ಗೆ ಯೋಚಿಸಬಹುದು. ಮನೆ ಬಳಕೆದಾರರು ತಮ್ಮ ಸಂಪರ್ಕದಲ್ಲಿ ಐಪಿವಿ6 ಇದೆಯೇ ಎಂದು ಸೇವಾದಾತರನ್ನು ವಿಚಾರಿಸಬಹುದು. ಇದ್ದೂ ರೂಟರ್‌ನಲ್ಲಿ ಆಫ್ ಆಗಿದ್ದರೆ ಆನ್ ಮಾಡಿಕೊಳ್ಳಬಹುದು. ಐಪಿವಿ6 ಬಳಸುವವರು ಹೆಚ್ಚಿದಷ್ಟೂ ಐಪಿವಿ4ರ ಅನಿವಾರ್ಯತೆ ಕಡಿಮೆಯಾಗುತ್ತದೆ. ತಡವಾಗಿ ಬಂದ ಚಿಕ್ಕವರಿಗೂ ಅಂತರಜಾಲದಲ್ಲಿ ಸ್ವಂತ ಜಾಗ ಮಾಡಿಕೊಳ್ಳುವುದು ಅಷ್ಟರಮಟ್ಟಿಗೆ ಸುಲಭವಾಗುತ್ತದೆ.