ಎಳೆಬಿಸಿಲಿನ ನಂಬಿಕೆ ಮತ್ತು ವಿಟಮಿನ್ ಡಿ

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಗಡಿ ಬದಲಾಯಿತು, ಬಿಸಿಲು ಬದಲಾಗಲಿಲ್ಲ. ಬಿಸಿಲಿನ ಬಗೆಗಿನ ನಂಬಿಕೆಗಳೂ ಉಳಿದವು. ವಿಟಮಿನ್ ಡಿ ಬೇಕೆಂದರೆ ಬೆಳಗಿನ ಎಳೆಬಿಸಿಲು ಸಾಕು ಎನ್ನುತ್ತೇವೆ. ಇಂಥ ಬಿಸಿಲು ಸೀಮೆಯಲ್ಲಿ ಕೊರತೆ ಎಲ್ಲಿಂದ ಬಂತು ಎಂದೂ ಕೇಳುತ್ತೇವೆ.

1919ರಲ್ಲಿ ಬರ್ಲಿನ್ನಿನ ವೈದ್ಯ ಹುಲ್ಡ್‌ಶಿನ್ಸ್ಕಿಯವರು ಮೂಳೆ ಬಾಗುವ ರಿಕೆಟ್ಸ್ ರೋಗದ ಮಕ್ಕಳನ್ನು ನೇರಳಾತೀತ ದೀಪದಿಂದ ಗುಣಪಡಿಸಿದರು. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಆ ಕಿರಣವೇ ಬೇಕು. ಬೆಳಗಿನ ಓರೆ ಬಿಸಿಲು ದಪ್ಪ ಗಾಳಿಪದರ ದಾಟಿ ಬರುವುದರಿಂದ ಅದರಲ್ಲಿ ಈ ಕಿರಣ ಬಹಳ ಕಡಿಮೆ.

ನಮ್ಮ ರಾಯಲಸೀಮೆಯಲ್ಲೇ ಇದರ ಪರೀಕ್ಷೆ ನಡೆದಿದೆ. ತಿರುಪತಿಯ ಡಾ. ಹರಿನಾರಾಯಣ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಳ್ಳಿಯವರ ಸ್ಥಿತಿ ಪಟ್ಟಣದವರಿಗಿಂತ ಮೇಲಿತ್ತು. ಆದರೂ ಹಳ್ಳಿಗಳಲ್ಲೂ ಅನೇಕರಿಗೆ ಕೊರತೆ ಇತ್ತು. ತಿರುಪತಿಯ ಬಿಸಿಲಿನಲ್ಲಿ ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರವರೆಗೆ ಈ ವಿಟಮಿನ್ ಹೆಚ್ಚು ತಯಾರಾಗುತ್ತದೆ ಎಂದು ಅವರ 2013ರ ಬರಹ ತಿಳಿಸಿತು.

ಹಾಗೆಂದು ತಲೆಯ ಟವಲು, ಸೆರಗು, ಛತ್ರಿ ಬಿಡುವುದು ಬೇಡ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನ ಹೊಡೆತ ಪ್ರಾಣಕ್ಕೇ ಕುತ್ತು. ಚಳಿಗಾಲದಲ್ಲಿ ನೆರಳು ನಮಗಿಂತ ಗಿಡ್ಡವಾದಾಗ ಕೈಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ಬಿದ್ದರೆ ಒಳ್ಳೆಯದು. ಮೂಳೆನೋವು ಬಿಡದಿದ್ದರೆ ವೈದ್ಯರನ್ನು ಕಾಣಬೇಕು. ನೆರಳು ಅಳೆಯುವುದನ್ನು ನಾವು ಮಕ್ಕಳಿಗೆ ಕಲಿಸೋಣ. ಅವರು ಮನೆಯ ಹಿರಿಯರಿಗೆ ತಿಳಿಸಲಿ.