ಮುಂಬಯಿಯ ಚಿರತೆ: ದೇಹರಚನೆ ಮತ್ತು ನೆಲೆ

ಬೊರಿವಲಿ, ಗೋರೆಗಾಂವ್, ಮುಲುಂಡ್, ಭಾಂಡುಪ್, ಠಾಣೆ ಪರಿಸರದಲ್ಲಿ ನೆಲೆಸಿರುವ ಕನ್ನಡಿಗರಿಗೆ ಚಿರತೆಯು ದೂರದ ಪ್ರಾಣಿಯಲ್ಲ. ಸುಮಾರು 103 ಚದರ ಕಿಲೋಮೀಟರ್ ವಿಸ್ತಾರದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಹಾಗೂ ಅದಕ್ಕೆ ತಾಗಿರುವ ಆರೆ ಕಾಲನಿ ಅದರ ನೆಲೆಗಳು. ಮಹಾನಗರದ ಮಡಿಲಲ್ಲಿ ಇಷ್ಟು ದೊಡ್ಡ ಮಾರ್ಜಾಲವು ಸ್ವಚ್ಛಂದವಾಗಿ ಬಾಳುವುದು ಜಗತ್ತಿನಲ್ಲೇ ಅಪರೂಪ.

ಇದಕ್ಕೆ ಅದರ ದೇಹರಚನೆಯೇ ಮುಖ್ಯ ಕಾರಣ. ಹಳದಿ ಮೈಮೇಲಿನ ಕಪ್ಪು ಮಚ್ಚೆಗಳು ಎಲೆಗಳ ನೆಳಲು ಬೆಳಕಿನಲ್ಲಿ ಅದನ್ನು ಮರೆಮಾಡುತ್ತವೆ. ಒಂದರ ಮಚ್ಚೆಗಳ ವಿನ್ಯಾಸ ಇನ್ನೊಂದಕ್ಕಿರದು. ಸ್ವಯಂಚಾಲಿತ ಕ್ಯಾಮೆರಾಗಳ ಚಿತ್ರಗಳಲ್ಲಿ ಈ ಗುರುತು ಹಿಡಿದೇ 2015ರಲ್ಲಿ 35, 2018ರಲ್ಲಿ 47 ಚಿರತೆಗಳನ್ನು ಇಲ್ಲಿ ಎಣಿಸಲಾಯಿತು. ಮೆತ್ತನೆಯ ಅಂಗಾಲು ಸದ್ದಿಲ್ಲದ ನಡಿಗೆಯನ್ನು ನೀಡಿದರೆ, ಒಳಗೆಳೆದುಕೊಳ್ಳಬಲ್ಲ ಉಗುರುಗಳು ಸದಾ ಹರಿತವಾಗಿರುತ್ತವೆ. ಕಣ್ಣಿನ ಹಿಂಬದಿಯ ಪದರವು ಬೆಳಕನ್ನು ಪ್ರತಿಫಲಿಸುವುದರಿಂದ ಮಬ್ಬುಗತ್ತಲಲ್ಲೂ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಬಲಿಷ್ಠ ಹೆಗಲುಗಳಿಂದ ಅದು ಬೇಟೆಯನ್ನು ಮರಕ್ಕೂ ಏರಿಸಬಲ್ಲುದು. ನೀಳವಾದ ಬಾಲ ಕೊಂಬೆಗಳ ಮೇಲೆ ಸಮತೋಲನ ಕಾಯುತ್ತದೆ.

ಚುಕ್ಕೆ ಜಿಂಕೆ, ಕಡವೆ, ಕಾಡುಹಂದಿ, ಮಂಗ ಇದರ ಸಹಜ ಆಹಾರ. ಆದರೆ ಸಿಕ್ಕಿದ್ದನ್ನು ತಿಂದು ಬದುಕುವ ಗುಣವೂ ಇದಕ್ಕಿದೆ. ನಾವು ಎಸೆಯುವ ಕಸವು ಬೀದಿನಾಯಿಗಳನ್ನು ಸೆಳೆಯುತ್ತದೆ, ನಾಯಿಗಳು ಚಿರತೆಯನ್ನು ಸೆಳೆಯುತ್ತವೆ. ಕಾಡಂಚಿನ ವಸತಿಗಳತ್ತ ಅದು ಬರುವ ದಾರಿ ಹೀಗೆ ತೆರೆದುಕೊಳ್ಳುತ್ತದೆ.

2002ರಿಂದ 2004ರ ಅವಧಿಯಲ್ಲಿ ಉದ್ಯಾನದ ಸುತ್ತ ಚಿರತೆ ದಾಳಿಗೆ ಅನೇಕರು ಬಲಿಯಾದರು. ಹಿಡಿದು ಬೇರೆಡೆ ಬಿಡುವುದೇ ಪರಿಹಾರವೆಂಬ ನಂಬಿಕೆ ಆಗ ಬಲವಾಗಿತ್ತು. ಆದರೆ ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ ವಿಜ್ಞಾನಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ನಡೆಸಿದ ಅಧ್ಯಯನ ಬೇರೆಯದನ್ನೇ ಹೇಳಿತು. ಸ್ಥಳಾಂತರದ ಬಳಿಕ, ಚಿರತೆಗಳನ್ನು ಬಿಟ್ಟ ತಾಣಗಳ ಸಮೀಪ ದಾಳಿಗಳು ಹೆಚ್ಚಿದ್ದವು. ತನ್ನ ಗಡಿ, ನೀರು, ಅಡಗುದಾಣಗಳನ್ನು ಬಲ್ಲ ಪ್ರಾಣಿ ಅಪರಿಚಿತ ನೆಲದಲ್ಲಿ ಗಲಿಬಿಲಿಗೊಳ್ಳುವುದು ಸಹಜವಷ್ಟೆ. 2011ರಲ್ಲಿ ಅರಣ್ಯ ಇಲಾಖೆಯು ನಾಗರಿಕರನ್ನು ಜೊತೆಗೂಡಿಸಿಕೊಂಡು 'ಮುಂಬಯಿಕರ್ಸ್ ಫಾರ್ ಎಸ್‌ಜಿಎನ್‌ಪಿ' ಎಂಬ ಜಾಗೃತಿ ಕಾರ್ಯವನ್ನು ಆರಂಭಿಸಿತು.

ಅಪಾಯ ಪೂರ್ತಿ ಅಳಿದಿಲ್ಲ. 2022ರ ಅಕ್ಟೋಬರ್‌ನಲ್ಲಿ, ದೀಪಾವಳಿಯ ದಿನವೇ, ಆರೆಯಲ್ಲಿ ಹಸುಳೆಯೊಂದು ಚಿರತೆಗೆ ಬಲಿಯಾಯಿತು. ಆದುದರಿಂದ ಕಾಡಂಚಿನ ನಿವಾಸಿಗಳು ಮುಸ್ಸಂಜೆಯಿಂದ ಮುಂಜಾನೆಯವರೆಗೆ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬಾರದು. ಕಸ ಕೂಡಿಡಬಾರದು, ದಾರಿಗಳಲ್ಲಿ ದೀಪವಿರಬೇಕು. ಚಿರತೆ ಕಂಡಾಗ ಗುಂಪುಗೂಡಿ ಸುತ್ತುವರಿಯದೆ, ಅದಕ್ಕೆ ಹೋಗಲು ದಾರಿ ಬಿಟ್ಟು ಅರಣ್ಯ ಇಲಾಖೆಗೆ ತಿಳಿಸಬೇಕು. ಚಿರತೆ ತನ್ನ ಬದುಕನ್ನು ಈ ನಗರಕ್ಕೆ ಹೊಂದಿಸಿಕೊಂಡಿದೆ. ನಮ್ಮ ಮಕ್ಕಳ ಸುರಕ್ಷೆಯು ನಾವು ಎಷ್ಟು ಹೊಂದಿಕೊಳ್ಳುತ್ತೇವೆ ಎಂಬುದನ್ನು ಅವಲಂಬಿಸಿದೆ.