ಕಾಳು ಹಾರದಂತೆ ಹೊಟ್ಟು ತೂರುವ ಬಗೆ

ನಡುವಯಸ್ಸು ದಾಟಿದ ಓದುಗರಿಗೆ ಒಂದು ಬಗೆಯ ಅಂಚೆ ಕಾರ್ಡು ನೆನಪಿರಬಹುದು. ದೇವರ ಮಹಿಮೆಯನ್ನು ಬಣ್ಣಿಸಿ, ಇದನ್ನೇ ನಕಲು ಮಾಡಿ ಇಷ್ಟು ಜನರಿಗೆ ಕಳಿಸಿದರೆ ಒಳಿತು, ಹರಿದು ಹಾಕಿದರೆ ಕೇಡು ಎಂದು ಹೆದರಿಸುವ ಕಾರ್ಡು ಅದು. ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯಂತಹ ಊರುಗಳಲ್ಲಿಯೂ ಮಗನ ಕ್ಷೇಮಸಮಾಚಾರದ ಇನ್‌ಲ್ಯಾಂಡ್ ಲೆಟರಿನ ಜೊತೆಗೆ ಇಂಥ ಕಾರ್ಡು ಬರುತ್ತಿದ್ದ ಕಾಲವೊಂದಿತ್ತು. ಆದರೆ ಆ ಪಿಡುಗಿಗೆ ಒಂದು ಮಿತಿಯಿತ್ತು. ಕಾರ್ಡೊಂದಕ್ಕೆ ಕಳಿಸುವವನೇ ಆಗ 15 ಪೈಸೆ ತೆರಬೇಕಿತ್ತು, ಕೈನೋಯುವಂತೆ ಬರೆಯಲೂಬೇಕಿತ್ತು.

ಇ-ಮೇಲ್‌ಗೆ ಈ ಮಿತಿ ಇಲ್ಲ. ಒಂದು ಓಲೆಗೂ ಲಕ್ಷ ಓಲೆಗೂ ಕಳಿಸುವವನ ಖರ್ಚಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಹೊರೆಯೆಲ್ಲ ಪಡೆಯುವವನ ಮೇಲೆ. ಅಮೆರಿಕದ ಜಾನ್ ಪೋಸ್ಟೆಲ್ 1975ರಷ್ಟು ಹಿಂದೆಯೇ ಈ ಅಪಾಯವನ್ನು ಕುರಿತು ಎಚ್ಚರಿಸಿದ್ದರು. 1978ರ ಮೇ 3ರಂದು ಕಂಪ್ಯೂಟರ್ ತಯಾರಿಕಾ ಕಂಪೆನಿಯೊಂದರ ಮಾರಾಟ ಅಧಿಕಾರಿ ಗ್ಯಾರಿ ಥುಯರ್ಕ್ ಸುಮಾರು 400 ಜನರಿಗೆ ಒಮ್ಮೆಲೇ ಜಾಹೀರಾತು ಕಳಿಸಿದರು. ಇದನ್ನೇ ಮೊದಲ 'ಸ್ಪ್ಯಾಮ್' ಎನ್ನುತ್ತಾರೆ. ಹೆಸರು ಮಾತ್ರ ಆಮೇಲೆ ಬಂದದ್ದು. ಡಬ್ಬಿಯಲ್ಲಿ ಮಾರುವ ಒಂದು ಮಾಂಸದ ಹೆಸರು ಅದು. ಅದನ್ನು ಸಾಕುಸಾಕೆನಿಸುವಷ್ಟು ಸಲ ಕೂಗುವ 1970ರ ಬ್ರಿಟಿಷ್ ಟಿ.ವಿ. ಹಾಸ್ಯಪ್ರಸಂಗವೊಂದರಿಂದ ಅದು ಇ-ಮೇಲ್‌ಗೆ ಅಂಟಿಕೊಂಡಿತು.

ನಮ್ಮ ದೇಶಕ್ಕೆ ಇ-ಮೇಲ್ ಬಂದದ್ದು 1986ರಲ್ಲಿ ಆರಂಭವಾದ ಅರ್ನೆಟ್ ಜಾಲದ ಮೂಲಕ. ಅದರ ಮೊದಲ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೂ ಇಂಟರ್‌ನೆಟ್ ಬಾಗಿಲು ತೆರೆಯಿತು. ತೆರೆದ ಬಾಗಿಲಿನಿಂದ ಕಸವೂ ಒಳಗೆ ಬಂತು.

ಹೀಗಾಗಿ ಓಲೆಗಳನ್ನು ಸೋಸುವ ತಂತ್ರಾಂಶಗಳು ಹುಟ್ಟಿಕೊಂಡವು. 2001ರಲ್ಲಿ ಜಸ್ಟಿನ್ ಮೇಸನ್ ರೂಪಿಸಿದ ಸ್ಪ್ಯಾಮ್‌ಅಸ್ಯಾಸಿನ್ ಇವುಗಳಲ್ಲಿ ಪ್ರಸಿದ್ಧವಾದುದು. ಅದು ಉತ್ತರಪತ್ರಿಕೆ ತಿದ್ದುವ ಮೇಷ್ಟ್ರಂತೆ ಕೆಲಸ ಮಾಡುತ್ತದೆ. ಅಂಕ ಕೊಡುವುದು ಮಾತ್ರ ತಪ್ಪಿಗೆ. ಅನುಮಾನದ ಪದ, ಸುಳ್ಳು ವಿಳಾಸ, ಹೊಂದದ ದಿನಾಂಕ ಹೀಗೆ ಒಂದೊಂದಕ್ಕೂ ಇಷ್ಟಿಷ್ಟು ಅಂಕ. ಮೊತ್ತ 5 ಮುಟ್ಟಿದರೆ ಓಲೆ ಕಸವೆಂದು ಮುದ್ರೆ ಬೀಳುತ್ತದೆ. ಈ ಗಡಿಯನ್ನು ಏರಿಸುವ, ಇಳಿಸುವ ಅಧಿಕಾರ ಅಂಚೆಗಣಕವನ್ನು ನೋಡಿಕೊಳ್ಳುವವರದು. ಇಳಿಸಿದರೆ ಕಸ ಕಡಿಮೆಯಾಗುತ್ತದೆ, ಆದರೆ ಒಳ್ಳೆಯ ಓಲೆಯೂ ಸಿಕ್ಕಿಬೀಳುತ್ತದೆ. ಕಣದಲ್ಲಿ ರಾಗಿ ತೂರುವವರಿಗೆ ಈ ಕಷ್ಟ ಗೊತ್ತು. ಗಾಳಿ ಜೋರಾದರೆ ಹೊಟ್ಟಿನ ಜೊತೆ ಕಾಳೂ ಹಾರಿಹೋಗುತ್ತದೆ.

2010ರ ಜನವರಿ 1ರಂದು ಆದದ್ದು ಇದೇ. ಮುಂದೆಂದೋ ಬರುವ ವರ್ಷದ ಸುಳ್ಳು ದಿನಾಂಕ ಹಾಕುವ ಠಕ್ಕರನ್ನು ಹಿಡಿಯಲು ಸ್ಪ್ಯಾಮ್‌ಅಸ್ಯಾಸಿನ್‌ನಲ್ಲಿ ಒಂದು ನಿಯಮವಿತ್ತು. 2010 ಮತ್ತು ಅದರಾಚೆಯ ವರ್ಷಗಳೆಲ್ಲ ಅದರ ಪಾಲಿಗೆ 'ದೂರದ ಭವಿಷ್ಯ'. ಹೊಸ ವರ್ಷದ ಬೆಳಿಗ್ಗೆ ಆ ಭವಿಷ್ಯವೇ ವರ್ತಮಾನವಾಯಿತು! ಸರಿಯಾದ ದಿನಾಂಕ ಹೊತ್ತ ಓಲೆಗಳಿಗೂ ಬಹಳಷ್ಟು ಕಡೆ ಸುಮ್ಮಸುಮ್ಮನೆ 3ಕ್ಕಿಂತ ಹೆಚ್ಚು ಅಂಕ ಬಿತ್ತು. ಇನ್ನೊಂದೆರಡು ಸಣ್ಣ ಅನುಮಾನ ಸೇರಿದರೆ ಸಾಕು, ಓಲೆ ಕಸದ ಪೆಟ್ಟಿಗೆಗೆ. ತಪ್ಪನ್ನು ಮೊದಲೇ ಗುರುತಿಸಿ ಮುಂದಿನ ಆವೃತ್ತಿಯಲ್ಲಿ ತಿದ್ದಿದ್ದರು. ಆದರೆ ಆ ತಿದ್ದುಪಡಿ ಬಳಕೆಯಲ್ಲಿದ್ದ ಗಣಕಗಳಿಗೆ ತಲುಪಿರಲಿಲ್ಲ.

ರೋಗ ಪತ್ತೆಗೆ ದಾರಿ ಓಲೆಯಲ್ಲೇ ಇತ್ತು. ಯಾವ ನಿಯಮಗಳು ತಗುಲಿದವು, ಒಟ್ಟು ಅಂಕ ಎಷ್ಟು ಎಂಬುದನ್ನು ಈ ತಂತ್ರಾಂಶ ಓಲೆಯ ತಲೆಭಾಗದಲ್ಲಿ ಬರೆದಿಡುತ್ತದೆ. ಅದನ್ನು ಓದಿದವರಿಗೆ ಒಂದೇ ನಿಯಮ ಎಲ್ಲ ಓಲೆಗಳಲ್ಲಿ ಕಾಣುತ್ತಿತ್ತು. ಮದ್ದೂ ಸುಲಭ: ಆ ನಿಯಮದ ಅಂಕವನ್ನು ಸೊನ್ನೆ ಮಾಡುವುದು, ಇಲ್ಲವೇ ಅದೇ ದಿನ ಬಿಡುಗಡೆಯಾದ ತಿದ್ದುಪಡಿಯನ್ನು ಹಾಕಿಕೊಳ್ಳುವುದು.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ಮಾತಿದೆ. ಓಲೆಯ ಭಾಷೆಯನ್ನು ಗುರುತಿಸುವ ಸೌಲಭ್ಯವೂ ಈ ತಂತ್ರಾಂಶದಲ್ಲಿತ್ತು. 3ನೇ ಆವೃತ್ತಿಯ ಕೈಪಿಡಿಯ ಭಾಷಾಪಟ್ಟಿಯಲ್ಲಿ ಹಿಂದಿ, ಮರಾಠಿ, ತಮಿಳು, ಸಂಸ್ಕೃತಗಳಿದ್ದವು, ಕನ್ನಡ ಇರಲಿಲ್ಲ. ಆದರೂ ನಿರಾಶರಾಗಬೇಕಿಲ್ಲ. 2002ರಲ್ಲಿ ಪಾಲ್ ಗ್ರಹಾಂ ಜನಪ್ರಿಯಗೊಳಿಸಿದ ಇನ್ನೊಂದು ವಿಧಾನ ಭಾಷೆಯ ಹೆಸರನ್ನೇ ಕೇಳುವುದಿಲ್ಲ. ಅದಕ್ಕೆ ಆಧಾರ 1763ರಲ್ಲಿ ಪ್ರಕಟವಾದ ಥಾಮಸ್ ಬೇಯ್ಸ್ ಎಂಬ ಪಾದ್ರಿಯ ಗಣಿತ. ಕಸದಲ್ಲಿ ಯಾವ ಪದ ಎಷ್ಟು ಸಲ ಬರುತ್ತದೆ, ಒಳ್ಳೆಯ ಓಲೆಯಲ್ಲಿ ಎಷ್ಟು ಸಲ ಎಂದು ಅದು ಎಣಿಸುತ್ತದೆ. ಸ್ಪ್ಯಾಮ್‌ಅಸ್ಯಾಸಿನ್‌ನಲ್ಲಿ ಈ ಎಣಿಕೆ ತೀರ್ಪಿಗೆ ಬರಬೇಕಾದರೆ ಕನಿಷ್ಠ 200 ಕಸದ ಓಲೆ, 200 ಒಳ್ಳೆಯ ಓಲೆ ತೋರಿಸಿ ಕಲಿಸಬೇಕು. ಆ ಒಳ್ಳೆಯ ಓಲೆಗಳಲ್ಲಿ ಕನ್ನಡದವೂ ಇರುವಂತೆ ನೋಡಿಕೊಳ್ಳುವುದು ನಮ್ಮ ಕಚೇರಿಗಳ, ಶಾಲೆಗಳ ಕೈಯಲ್ಲೇ ಇದೆ.

ಇಂದು ಸಂದರ್ಶನದ ಕರೆ, ಪರೀಕ್ಷೆಯ ಸೂಚನೆ, ಬ್ಯಾಂಕಿನ ಮಾಹಿತಿ ಹಳ್ಳಿಗೂ ಇ-ಮೇಲ್‌ನಲ್ಲೇ ಬರುತ್ತವೆ. ನೂರು ಕಸ ಒಳಗೆ ಬಂದರೆ ಅಳಿಸಬಹುದು. ಒಂದು ಕರೆಯೋಲೆ ಕಳೆದರೆ ಅವಕಾಶವೇ ಕೈತಪ್ಪೀತು. ಆದ್ದರಿಂದ ಬಲ್ಲವರು ಅನುಮಾನದ ಓಲೆಯನ್ನು ನಾಶಮಾಡದೆ ಬೇರೆ ಪೆಟ್ಟಿಗೆಯಲ್ಲಿಡುವಂತೆ ಅಂಚೆಗಣಕವನ್ನು ಸಜ್ಜುಗೊಳಿಸುತ್ತಾರೆ. ಆ ಪೆಟ್ಟಿಗೆಯನ್ನು ಆಗಾಗ ತೆರೆದು ನೋಡುವ ಕೆಲಸ ಮಾತ್ರ ನಮ್ಮದು. ತೂರಿದ ಮೇಲೆ ಹೊಟ್ಟಿನ ರಾಶಿಯಲ್ಲೊಮ್ಮೆ ಕೈಯಾಡಿಸಿ ನೋಡುವುದು ರೈತರಿಗೆ ಹೊಸದೇನಲ್ಲ.